ಜೋಡಿ ಕಟ್ಟಿಕೊಂಡು ಬಂದ ನಾಯಿಗಳು

ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಜನ ನನ್ನನ್ನು ಈಗಲೂ ‘ನಾಯಿ ಡಾಕ್ಟ್ರು’ ಎಂದೇ ಕರೆಯುತ್ತಾರೆ. ಸರ್ಕಾರ ನನಗೆ ಸಂಬಳ ಕೊಟ್ಟಿದ್ದು ದನ, ಎಮ್ಮೆ, ಕುರಿಗಳಿಗಾಗಿ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಸುತ್ತಿಸಿದ್ದೂ ಅವುಗಳ ಚಪ್ಪೆರೋಗ, ಕಾಲುಬಾಯಿ ಜ್ವರಕ್ಕಾಗಿ. ನಾಯಿಯನ್ನು ಯಾರೂ ನನಗೆ ವಹಿಸಿರಲಿಲ್ಲ. ಅದು ನಾನಾಗಿಯೇ ತಲೆಗೆ ಕಟ್ಟಿಕೊಂಡ ಹುಚ್ಚು. ಮೊದಮೊದಲು ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಯಾರಾದರೂ ‘ವೆಂಕಟೇಗೌಡರು’ ಎಂದು ಕೂಗಿದರೆ, ಯಾರಪ್ಪಾ ಅವರು ಎಂದು ನಾನೇ ತಿರುಗಿ ನೋಡುತ್ತೇನೆ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್ ಎಂದು ಕೇಳುತ್ತಾರೆ. ಹೇಗಿತ್ತು ಎಂದರೆ, ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸಬೇಕಿತ್ತು. ಒಂದೇ ಸೂಜಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಚೂಪು ಮಾಡಿಕೊಳ್ಳಬೇಕಿತ್ತು. ಮದ್ದು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ಜೊತೆ ಬಸ್ಸಿನಲ್ಲಿ ಬರುತ್ತಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಫ್ಲಾಸ್ಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮರದ ನೆರಳಿನಲ್ಲಿ ಕೂರುವುದೂ ನಮ್ಮ ನೌಕರಿಯೇ. ಪ್ರಮೋಶನ್ನಿನ ಕಥೆ ಕೇಳಬೇಡಿ. ಅದರಲ್ಲಿ ರುಚಿ ಇಲ್ಲ, ನನಗೆ ಸಿಕ್ಕಿದ್ದೂ ಕಡಿಮೆ.

ನಮ್ಮದು ಮಂಡಿಕಲ್ಲಿನ ಬೇಸಾಯದ ಮನೆ. ಬೂದ ಎಂಬ ನಾಯಿಯ ಬೆನ್ನಿಗೆ ಒರಗಿಕೊಂಡೇ ನಾನು ಮಗ್ಗಿ ಕಲಿತದ್ದು. ಅಷ್ಟಾದರೂ ಗೌರಿಬಿದನೂರಿನಲ್ಲಿ ಮೊದಲ ಬಾರಿ ಒಂದು ಸಾಕುನಾಯಿಯನ್ನು ನೋಡಲು ಕರೆ ಬಂದಾಗ ನಾನು ಮಾಡಿದ್ದು ಶುದ್ಧ ದನದ ಡಾಕ್ಟರ ಕೆಲಸ. ವಕೀಲರ ಹೆಂಡತಿ ಲಲಿತಮ್ಮನವರ ಮನೆಯಲ್ಲಿ ಬೆಳ್ಳಗಿನ ಪೊಮೇರಿಯನ್ ಒಂದಿತ್ತು. ಕಿವಿಯೊಳಗೆ ಉಣ್ಣೆ ಕಚ್ಚಿಕೊಂಡಿತ್ತು. ನಾನು ಬಾಗಿಲಲ್ಲಿ ನಿಂತು, “ಒಂದು ದಪ್ಪ ಹಗ್ಗ ತರಿಸಿ, ನಾಲ್ಕು ಜನ ಗಟ್ಟಿಮುಟ್ಟಾದೋರ್ನ ಕರೀರಿ” ಎಂದೆ. ಕಾಲೇಜಿನಲ್ಲಿ ಕಲಿಸಿದ್ದೇ ಹಾಗೆ. ಪ್ರಾಣಿಯನ್ನು ಮೊದಲು ಕೆಡವಬೇಕು, ಆಮೇಲೆ ಚಿಕಿತ್ಸೆ.

ಲಲಿತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಡಾಕ್ಟ್ರೇ, ಕೆಡವೋಕೆ ಇವಳೇನು ಹಳ್ಳೀಕಾರ್ ಎತ್ತಾ? ನನ್ನ ತೊಡೆ ಮೇಲೆ ಕೂರಿಸ್ಕೋತೀನಿ. ನೀವು ನಿಧಾನಕ್ಕೆ ತೆಗೀರಿ.”

ನಾಯಿಯನ್ನು ಹಿಡಿಯುವುದನ್ನು ನಾನು ಕಲಿತದ್ದು ಆ ತಾಯಿಯಿಂದ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು, ಮೊದಲು ಅದು ನಮ್ಮ ಕೈ ಮೂಸಬೇಕು. ನಾಯಿಗಳ ಪ್ರದರ್ಶನ ಎಂಬುದೊಂದು ಲೋಕವಿದೆ ಎಂದು ತೋರಿಸಿದವರೂ ಅವರೇ. ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ಮೈದಾನದಲ್ಲಿ ಹಗ್ಗ ಕಟ್ಟಿದ ಒಂದು ಚೌಕ, ನಡುವೆ ಒಬ್ಬ ಜಡ್ಜು, ಸುತ್ತ ರಾಜಕುಮಾರರ ಹಾಗೆ ನಿಂತ ನಾಯಿಗಳು. ಹಲ್ಲು ನೋಡುತ್ತಾರೆ, ಬೆನ್ನು ಸವರುತ್ತಾರೆ, ನಡೆಸಿ ನೋಡುತ್ತಾರೆ. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಒಂದು ಸಲ ಲಲಿತಮ್ಮನವರ ಕಾಲು ಉಳುಕಿ, ನಾಯಿಯನ್ನು ಚೌಕದೊಳಗೆ ನಡೆಸುವ ಭಾಗ್ಯ ನನ್ನ ಪಾಲಿಗೆ ಬಂತು. ಹೆದರಿಕೆಗೆ ನಾನು ಎಷ್ಟು ಜೋರಾಗಿ ಓಡಿದೆನೆಂದರೆ ಪಾಪ ಪೊಮೇರಿಯನ್ ಹಿಂದೆಯೇ ಉಳಿಯಿತು. ಜಡ್ಜು ದಂಡಿನಲ್ಲೇ ಹುಟ್ಟಿ ಬೆಳೆದ ವಯಸ್ಸಾದ ಆಂಗ್ಲೋ ಇಂಡಿಯನ್ ಮೇಡಂ. ತಮ್ಮ ಹರಕು ಮುರುಕು ಕನ್ನಡದಲ್ಲಿ, “ಶೋ ನಾಯಿದು ಮ್ಯಾನ್, ನಿಂದಲ್ಲ” ಎಂದರು. ಮೈದಾನವೆಲ್ಲ ನಕ್ಕಿತು. ಬಹುಮಾನ ಬರಲಿಲ್ಲ. ಆದರೆ ಮುಂದೆ ನನ್ನ ಮಾನ ಉಳಿಸಿದ್ದು ಆ ಮೇಡಂ ಪರಿಚಯವೇ.

ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದದ್ದು ಐವತ್ತರ ದಶಕದ ಕೊನೆಯ ಹೊತ್ತಿಗೆ. ಊರೊಳಗೆ ಕಾಲಿಡುವ ಮೊದಲೇ ರೇಷ್ಮೆ ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೀದಿ ಬೀದಿಯಲ್ಲೂ ಚರಕ ತಿರುಗಿಸಿ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳುವನ್ನು ಶೆಡ್ಡಿನ ಹಿಂದೆ ಸುರಿಯುತ್ತಿದ್ದರು. ಅದನ್ನು ತಿಂದು ತಿಂದು ಊರಿನ ಬೀದಿನಾಯಿಗಳ ಮೈ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಬೆಂಗಳೂರಿನಲ್ಲಿ ಮೊಟ್ಟೆ ಹಾಲು ಹಾಕಿ ಸಾಕಿದ ನಾಯಿಗಳಿಗೂ ಅಂಥ ಕೂದಲನ್ನು ನಾನು ಕಂಡಿರಲಿಲ್ಲ.

ಅಂಥದ್ದೊಂದು ಕೆಂದು ಬಣ್ಣದ ನಾಯಿ ಗೌಸ್ ಸಾಬರ ಶೆಡ್ಡಿನ ಬಾಗಿಲಲ್ಲಿ ಸದಾ ಬಿದ್ದಿರುತ್ತಿತ್ತು. ಗೌಸ್ ಸಾಬರು ನೂಲು ತೆಗೆಸುವವರು. ಶೆಡ್ಡೂ ಅದರ ಹಿಂದಿನ ಮನೆಯೂ ಬಾಡಿಗೆಯದು. ಮನೆಯಲ್ಲಿ ವಯಸ್ಸಾದ ತಾಯಿ. ನಾಯಿಯ ಮೈ ತಡವಲು ನಾನು ದಿನವೂ ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದೆ.

“ನಿಮ್ಮ ನಾಯಿ ಚೆನ್ನಾಗಿದೆ ಸಾಬ್ರೇ” ಎಂದೆ ಮೊದಲ ದಿನ.

“ನಮ್ದಲ್ಲ ಸಾರ್. ಬೀದೀದು. ಬಾಗಿಲಲ್ಲಿ ಬಿದ್ದಿರ್ತದೆ, ಅಷ್ಟೇ.”

“ಏನು ಹೆಸರು?”

“ಮೋತಿ.”

“ಬೀದಿ ನಾಯಿಗೆ ಹೆಸರು ಯಾರಿಟ್ರು?”

“ಅದೇ ಇಟ್ಕೊಂಡಿದೆ ಸಾರ್” ಎಂದು ಗೌಸ್ ಸಾಬರು ಮುಖ ಆಚೆ ತಿರುಗಿಸಿದರು. ಕಾರಣವನ್ನು ಆಮೇಲೆ ಅವರೇ ಹೇಳಿದರು. “ಅಮ್ಮಿ ಹೇಳ್ತಾರೆ, ಅನ್ನ ಹಾಕು, ನೀರು ಹಾಕು, ನಮ್ದು ಅಂತ ಮಾತ್ರ ಅನ್ಬೇಡ. ನಮ್ದು ಅಂದ್ರೆ ನಾಳೆ ಯಾರಿಗಾದ್ರೂ ಬಾಯಿ ಹಾಕಿದ್ರೆ ಜವಾಬು ನಾವೇ ಹೇಳ್ಬೇಕು. ಬಾಡಿಗೆ ಮನೇಲಿರೋರು ನಾವು. ಖಾಲಿ ಮಾಡಿ ಅಂದ್ರೆ ಶೆಡ್ಡು ಎಲ್ಲಿ ಹೊತ್ಕೊಂಡು ಹೋಗಣ?”

ಆ ವರ್ಷ ಊರಿಗೆ ಒಂದು ಹುಚ್ಚುನಾಯಿ ನುಗ್ಗಿತು. ಶಾಲೆಗೆ ಹೋಗುತ್ತಿದ್ದ ಇಬ್ಬರು ಮಕ್ಕಳನ್ನು, ಒಂದು ಜಟಕಾ ಕುದುರೆಯನ್ನು ಕಚ್ಚಿತು. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಹೊಕ್ಕುಳ ಸುತ್ತ ಸೂಜಿ ಹಾಕಿಸಿದರು, ದೇವರು ದೊಡ್ಡವನು, ಉಳಿದವು. ಕುದುರೆಗೆ ಕೆಲವು ವಾರಗಳ ಮೇಲೆ ಹುಚ್ಚೆದ್ದಿತು. ತನ್ನ ಕಾಲನ್ನು ತಾನೇ ಕಚ್ಚಿಕೊಂಡು ಸತ್ತ ಅದನ್ನು ಊರಿಗೆ ಊರೇ ನಿಂತು ನೋಡಿತು. ಆಮೇಲೆ ಬೀದಿಯಲ್ಲಿ ನಾಯಿ ಬಾಲ ಆಡಿಸಿದರೂ ಜನ ಕಲ್ಲು ಎತ್ತತೊಡಗಿದರು.

ಊರಿನ ದೊಡ್ಡವರು ಸಭೆ ಸೇರಿದರು. ನಿವೃತ್ತ ಹೆಡ್‌ಮೇಷ್ಟ್ರು ರಂಗಪ್ಪನವರ ಮಾತೇ ಅಲ್ಲಿ ಕೊನೆಯ ಮಾತು. ಕಚ್ಚಿಸಿಕೊಂಡ ಮಕ್ಕಳಲ್ಲಿ ಒಂದು ಅವರ ಮೊಮ್ಮಗಳು. “ಬರೋ ಸೋಮವಾರ ಮಾಂಸದಲ್ಲಿ ವಿಷ ಬೆರೆಸಿ ಊರೆಲ್ಲ ಇಡಿಸೋದು. ಸಾಕಿದೋರು ಅವರವರ ನಾಯಿ ಮನೇಲಿ ಕಟ್ಕೊಳ್ಳಲಿ” ಎಂದರು.

ನಾನು ಎದ್ದು ನಿಂತೆ. ವಿಷ ಇಟ್ಟು ಇವನ್ನು ಕೊಂದರೆ ಪಕ್ಕದ ಹಳ್ಳಿಗಳಿಂದ ಬೇರೆ ನಾಯಿಗಳು ಬರುತ್ತವೆ, ಅವು ಎಂಥವೋ ಯಾರಿಗೆ ಗೊತ್ತು, ಇರುವ ನಾಯಿಗಳಿಗೇ ಸೂಜಿ ಹಾಕಿದರೆ ಅವೇ ಊರಿಗೆ ಕಾವಲು ಎಂದು ಹೇಳಿದೆ. ಮೇಷ್ಟ್ರು ಕೆಟ್ಟವರಲ್ಲ. ಸುಮ್ಮನೆ ಕೇಳಿಸಿಕೊಂಡರು.

“ಆಗಲಿ ಡಾಕ್ಟ್ರೇ. ಭಾನುವಾರ ಸಂಜೆವರೆಗೂ ಟೈಮು. ಸೂಜಿ ಬಿದ್ದಿರ್ಬೇಕು, ಕುತ್ತಿಗೇಲಿ ಬಿಲ್ಲೆ ಇರ್ಬೇಕು, ನಂದು ಅನ್ನೋಕೆ ಒಬ್ಬ ಯಜಮಾನ ಇರ್ಬೇಕು. ಅಂಥದ್ದು ಉಳೀಲಿ. ಯಾರದ್ದೂ ಅಲ್ಲದ್ದು ನಾಳೆ ಇನ್ನೊಂದು ಮಗೂನ ಕಚ್ಚಿದ್ರೆ ನಾನು ಯಾರನ್ನ ಕೇಳಲಿ, ಹೇಳಿ?”

ಸಭೆಯಿಂದ ಹೊರಗೆ ಬರುವಾಗ ಮೋತಿ ಕಣ್ಣ ಮುಂದೆ ಬಂತು. ಯಾರದ್ದೂ ಅಲ್ಲದ್ದು ಎಂದರೆ ಅದೇ ತಾನೇ.

ಸೂಜಿ ಹಾಕಿಸಿ ಎಂದರೆ ಜನ ನಾಯಿ ತರುವುದಿಲ್ಲ. ಸೂಜಿ ಬಿದ್ದ ನಾಯಿ ಬೊಗಳುವುದನ್ನು ಬಿಡುತ್ತದೆ ಎಂಬ ನಂಬಿಕೆ ಬೇರೆ. ಆದರೆ ಬಹುಮಾನ ಎಂದರೆ ತರುತ್ತಾರೆ. ನಾಯಿಗಳ ಪ್ರದರ್ಶನ ಮಾಡೋಣ, ಸೂಜಿ ಹಾಕಿಸದೆ ಚೌಕದೊಳಗೆ ಬಿಡುವುದು ಬೇಡ ಎಂದು ನನಗೆ ಹೊಳೆಯಿತು. ದಂಡಿನ ಮೇಡಂಗೆ ಹೇಳಿಕಳಿಸಿದೆ. ಬರುತ್ತೇನೆ ಎಂದರು. ಮದ್ದಿಗೆ ಕೋಲಾರದ ದೊಡ್ಡ ಸಾಹೇಬರ ಮುಂದೆ ಹೋಗಿ ಕೈ ಕಟ್ಟಿ ನಿಂತೆ. ನಾಯಿ ಕಂಡರೆ ಮಾರು ದೂರ ಓಡುವ ಮನುಷ್ಯ ಅವರು.

“ಅಲ್ಲಯ್ಯಾ, ಇಲಾಖೆ ಇರೋದು ದನಕ್ಕೆ. ನೀನು ನಾಯಿಗೆ ಸ್ವಯಂವರ ಮಾಡ್ತೀನಿ ಅಂತೀಯಲ್ಲ!” ಎಂದು ಬೈದರು. ಬೈದು ಮುಗಿದ ಮೇಲೆ, ಇದ್ದಬದ್ದ ಮದ್ದನ್ನೆಲ್ಲ ತರಿಸಿಕೊಟ್ಟು, “ಐಸು ಕರಗೋಕೆ ಮುಂಚೆ ಊರು ಸೇರ್ಕೋ, ಹೋಗು” ಎಂದು ತಮ್ಮ ಜೀಪನ್ನೇ ಕಳಿಸಿದರು. ಮೇಲಿನವರು ಬೈಯುವಾಗ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಳ್ಳಿ ಮಕ್ಕಳೇ, ಬೈಗುಳದ ಕೊನೆಯಲ್ಲಿ ಕೆಲವೊಮ್ಮೆ ಜೀಪು ಇರುತ್ತದೆ.

ಊರಲ್ಲೂ ಸುತ್ತಲ ಹಳ್ಳಿಗಳಲ್ಲೂ ತಮಟೆ ಹೊಡೆಸಿದೆ. ಒಳ್ಳೆಯ ನಾಯಿಗೆ ಹಿತ್ತಾಳೆ ಚೊಂಬು ಬಹುಮಾನ. ನಮ್ಮ ಕಾಂಪೌಂಡರ್ ನಾಗಪ್ಪ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಬಿಲ್ಲೆಗಳನ್ನು ಮಾಡಿದ. ಯಜಮಾನರ ಹೆಸರನ್ನು ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟುವುದು, ದಾರ ಪೋಣಿಸಿ ನಾಯಿಯ ಕುತ್ತಿಗೆಗೆ ಕಟ್ಟುವುದು.

ಭಾನುವಾರ ಬೆಳಗ್ಗೆ ಶಾಲೆಯ ಮೈದಾನಕ್ಕೆ ಹೋಗಿ ನೋಡಿದವನಿಗೆ ತಲೆ ತಿರುಗಿತು. ನಾಯಿಗಳು ಬಂದಿದ್ದವು. ಬರೀ ಬಂದಿರಲಿಲ್ಲ, ಜೋಡಿ ಜೋಡಿಯಾಗಿ ಬಂದಿದ್ದವು! ಕೊಂಬಿದ್ದಿದ್ದರೆ ಕೊಂಬಿಗೂ ಬಣ್ಣ ಬಳಿಯುತ್ತಿದ್ದರೋ ಏನೋ. ಹಣೆಗೆ ಅರಿಶಿನ ಕುಂಕುಮ, ಕುತ್ತಿಗೆಗೆ ಗೆಜ್ಜೆ, ಮೈಗೆ ಹರಳೆಣ್ಣೆ. ಕರಿಯದಕ್ಕೆ ಕರಿಯದು, ಬಿಳಿಯದಕ್ಕೆ ಬಿಳಿಯದು, ಎತ್ತರಕ್ಕೆ ಎತ್ತರ ನೋಡಿ ಒಂದೇ ಹಗ್ಗಕ್ಕೆ ಕಟ್ಟಿದ್ದಾರೆ. ಪರಿಚಯವಿಲ್ಲದ ನಾಯಿಗಳು ಒಂದೇ ಹಗ್ಗದಲ್ಲಿ ಸುಮ್ಮನಿರುತ್ತವೆಯೇ? ಮೈದಾನ ತುಂಬ ಕಚ್ಚಾಟ. ಹರಳೆಣ್ಣೆ ನೆಕ್ಕಿಕೊಂಡವು ಏನು ಮಾಡಿದವು ಎಂದು ಬರೆಯುವುದಿಲ್ಲ. ನಾಗಪ್ಪ ಬೂದಿ ಚೆಲ್ಲಿ ಚೆಲ್ಲಿ ಸುಸ್ತಾದ.

ಮುಂದೆ ನಿಂತಿದ್ದವನು ಕೆಂಚಾರ್ಲಹಳ್ಳಿಯ ಪಿಳ್ಳಪ್ಪ. ಹಿಪ್ಪುನೇರಳೆ ತೋಟದವನು, ಗೌಸ್ ಸಾಬರಿಗೆ ಗೂಡು ಮಾರುವವನು. ಅವನ ಕೆಂದು ನಾಯಿಯ ಜೊತೆ ಅದೇ ಬಣ್ಣದ ಇನ್ನೊಂದು ನಾಯಿ.

“ಪಿಳ್ಳಪ್ಪಾ, ಇದು ಮೋತಿ ಅಲ್ವೇನೋ?”

“ಹೂ ಸಾಮಿ. ನಂತಾವ ಇರೋದು ಒಂದೇ. ಜತೆ ಬೇಕಲ್ಲ? ಸಾಬ್ರನ್ನ ಕೇಳ್ದೆ, ನಮ್ದಲ್ಲ, ಬೇಕಾದ್ರೆ ಕರ್ಕೊಂಡು ಹೋಗು ಅಂದ್ರು.”

“ಜತೆ ಯಾಕೋ? ಒಂದೊಂದೇ ನಾಯಿ ತರಬೇಕಿತ್ತಪ್ಪ!”

ಪಿಳ್ಳಪ್ಪ ನನ್ನನ್ನು ಮರುಕದಿಂದ ನೋಡಿದ. “ಏನ್ ಸಾಮಿ ನೀವು, ದನದ ಡಾಕ್ಟ್ರಾಗಿ ಹಿಂಗಂತೀರಿ? ಒಂಟಿ ಎತ್ತಿಗೆ ಎಲ್ಲಾದ್ರೂ ಬಹುಮಾನ ಕೊಟ್ಟಿದ್ದು ಕಂಡಿದೀರಾ?”

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಆದರೆ ಪೊಮೇರಿಯನ್ನನ್ನು ಕೆಡವಲು ಹಗ್ಗ ಕೇಳಿದವನು ನಾನು. ಪ್ರದರ್ಶನ ಎಂದರೆ ಎತ್ತಿನ ಜೋಡಿ ಎಂದು ತಿಳಿದವರಿಗೆ ಯಾವ ಬಾಯಿಂದ ಬೈಯಲಿ? ಅಲ್ಲದೆ ಹಾಗೇ ಕಣ್ಣಾಡಿಸುತ್ತಿದ್ದಂತೆ ನನಗೆ ಇನ್ನೊಂದು ವಿಷಯ ಕಾಣಿಸಿತು. ಪ್ರತಿ ಜೋಡಿಯಲ್ಲೂ ಒಂದು ಮನೆಯ ನಾಯಿ, ಇನ್ನೊಂದು ಬೀದಿಯದು. ಒಂದೇ ನಾಯಿ ಇದ್ದವರು ಜೋಡಿಗಾಗಿ ಊರೆಲ್ಲ ಜಾಲಾಡಿ, ಬೋಂಡ ತೋರಿಸಿ, ಹುಳು ತೋರಿಸಿ, ಬೀದಿನಾಯಿಗಳನ್ನೆಲ್ಲ ಹಿಡಿದು ತಂದಿದ್ದರು. ವರ್ಷವೆಲ್ಲ ಹಿಂದೆ ಬಿದ್ದಿದ್ದರೂ ನನ್ನ ಕೈಗೆ ಸಿಗದ ನಾಯಿಗಳು ಗೆಜ್ಜೆ ಕಟ್ಟಿಕೊಂಡು ಸೂಜಿಗೆ ಸಾಲಾಗಿ ನಿಂತಿದ್ದವು.

ಸೂಜಿ ಹಾಕಿ ಹಾಕಿ ನನ್ನ ಹೆಬ್ಬೆರಳು ಬಾತುಹೋಯಿತು. ಹುಚ್ಚುನಾಯಿ ಕಚ್ಚಿದ್ದಿರಬಹುದಾದ ಹಳೆಯ ಗಾಯವಿದ್ದ ಒಂದೆರಡನ್ನು ಆಸ್ಪತ್ರೆಯ ಹಿಂದೆ ಬೇರೆ ಕಟ್ಟಿಸಿ ಕಾವಲಿಟ್ಟೆ. ಅಷ್ಟರಲ್ಲಿ ಮೇಡಂ ಬಂದರು. ಜೋಡಿಗಳನ್ನು ನೋಡಿ ಟೋಪಿ ತೆಗೆದು ಗಾಳಿ ಬೀಸಿಕೊಂಡರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ಸಾರಿ ಯಾಕೆ ಮ್ಯಾನ್? ನಮ್ಮಲ್ಲೂ ಜೋಡಿ ಕ್ಲಾಸ್ ಇದೆ. ಒಂದೇ ಥರ ಎರಡು ನಾಯಿ, ಒಟ್ಟಿಗೆ ನಡೀಬೇಕು. ಬಹಳ ಕಷ್ಟ ಅದು. ಬೆಂಗಳೂರಲ್ಲಿ ಯಾರೂ ತರೋದೇ ಇಲ್ಲ” ಎಂದರು. ಇಷ್ಟು ವರ್ಷ ದಂಡಿಗೆ ಅಲೆದರೂ ನನಗದು ತಿಳಿದಿರಲಿಲ್ಲ.

ಜೋಡಿ ನಡಿಗೆ ಶುರುವಾಯಿತು. ಎಲ್ಲ ಜೋಡಿಗಳೂ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಪಿಳ್ಳಪ್ಪ ಮಾತ್ರ “ಪದರಾ, ಪದರಾ” ಎಂದು ತೆಲುಗಿನಲ್ಲಿ ಹುರಿದುಂಬಿಸುತ್ತ ನಡೆದರೆ ಎರಡು ಕೆಂದು ನಾಯಿಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದವು. ಗೂಡಿನ ಗಾಡಿಯ ಹಿಂದೆ ಬರುವ ಅವನ ನಾಯಿಯೂ ಶೆಡ್ಡಿನ ಬಾಗಿಲ ಮೋತಿಯೂ ಹಳೆಯ ಸ್ನೇಹಿತರು. ಮೇಡಂ ಮೋತಿಯ ಬೆನ್ನು ಸವರಿ, ಈ ಕೂದಲಿಗೆ ಏನು ಹಾಕಿ ಸಾಕುತ್ತೀರಿ ಎಂದು ಕೇಳಿದರು. ರೇಷ್ಮೆ ಹುಳು ಎಂದರೆ ನಂಬಲಿಲ್ಲ. ಚೊಂಬು ಆ ಜೋಡಿಗೇ ಹೋಯಿತು. ಚಪ್ಪಾಳೆ, ಸಿಳ್ಳು, ಎಲ್ಲ ಆಯಿತು.

ಆಮೇಲೆ ಹಗ್ಗಗಳು ಬಿಚ್ಚಿಕೊಂಡವು. ಜನ ತಮ್ಮ ತಮ್ಮ ನಾಯಿಯನ್ನು ಹಿಡಿದುಕೊಂಡು ಬಿಲ್ಲೆ ಕಟ್ಟಿಸಲು ಬಂದರು. ಎರವಲು ತಂದವು ಮೈದಾನದ ನಡುವೆ ಹಾಗೇ ಉಳಿದವು. ಸೂಜಿ ಬಿದ್ದಿತ್ತು, ಗೆಜ್ಜೆ ಇತ್ತು, ಯಜಮಾನ ಇರಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತಿದ್ದ ರಂಗಪ್ಪ ಮೇಷ್ಟ್ರು ಎದ್ದು ಬಂದರು. ಅವರ ಜೊತೆ ಮಾರನೆಯ ಬೆಳಗ್ಗೆ ವಿಷ ಇಡಲು ಗೊತ್ತು ಮಾಡಿದ ಇಬ್ಬರು ಆಳುಗಳೂ ಇದ್ದರು.

“ಮಾತು ಮಾತೇ ಡಾಕ್ಟ್ರೇ. ಇವು ಯಾರವು?”

ಮೋತಿ ನಡುವೆ ಕೂತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಮೇಷ್ಟ್ರು ಅದರತ್ತ ಕೈ ತೋರಿಸಿ, “ಚೊಂಬು ಗೆದ್ದಿದ್ದಲ್ವಾ ಇದು? ಇದಕ್ಕೂ ಯಾರೂ ಇಲ್ವಾ?” ಎಂದರು. ಪಿಳ್ಳಪ್ಪ ಗೌಸ್ ಸಾಬರತ್ತ ನೋಡಿದ. ನಾನೂ ನೋಡಿದೆ. ಅವರು ಬೇಲಿಯ ಆಚೆ ನಿಂತಿದ್ದರು. ಪ್ರದರ್ಶನಕ್ಕೆ ಬಂದಿಲ್ಲ, ದಾರಿಯಲ್ಲಿ ಹೋಗುತ್ತಿದ್ದೇನೆ ಎನ್ನುವ ಹಾಗೆ. ಹೇಳಿ ಸಾಬ್ರೇ ಎನ್ನಲು ನನಗೇನು ಹಕ್ಕು? ಜವಾಬು ಹೇಳಬೇಕಾದವರು ಅವರು. ಬಾಡಿಗೆ ಮನೆ ಅವರದು.

ಗೌಸ್ ಸಾಬರು ಬೇಲಿ ದಾಟಿ ಒಳಗೆ ಬಂದರು. ಮೋತಿ ಬಾಲ ಆಡಿಸುತ್ತ ಎದ್ದಿತು.

“ನಮ್ದು ಸಾರ್” ಎಂದರು. ದನಿ ಮೇಲೇಳಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. “ನಮ್ದು. ಮೋತಿ ಅಂತ.”

ಮೇಷ್ಟ್ರು ಅವರನ್ನೇ ದಿಟ್ಟಿಸಿದರು. “ಜವಾಬು?”

“ನಂದೇ ಸಾರ್.”

ಅಷ್ಟೇ ಆದದ್ದು. ಆಮೇಲೆ ಹೋಟೆಲಿನವರು ಒಂದು ಕರಿಯದನ್ನು, “ಇದು ನಮ್ಮ ಒಲೆ ಹಿಂದೆ ಮಲಗೋದು, ನಮ್ದೇ ಅನ್ಕೊಳ್ಳಿ” ಎಂದರು. ಜಟಕಾದವನು, ಕುದುರೆ ಕಳೆದುಕೊಂಡವನೇ, ಒಂದು ಬಿಳಿಯದರ ಹಗ್ಗ ಹಿಡಿದ. ನನಗೆ ಕಣ್ಣು ಮಂಜಾಗಿ ನಾಗಪ್ಪ ಬರೆದ ಹೆಸರುಗಳು ಕಾಣಲಿಲ್ಲ. ಒಂದೊಂದಾಗಿ ನಾಯಿಗಳು ಯಾರದಾದರೂ ಪಕ್ಕಕ್ಕೆ ಹೋಗಿ ನಿಂತು ಮೈದಾನ ಖಾಲಿಯಾಯಿತು. ಕೊನೆಯಲ್ಲಿ ಒಂದು ಕುಂಟು ಮುದಿ ಹೆಣ್ಣುನಾಯಿ ಉಳಿಯಿತು. ಮೇಷ್ಟ್ರು ಆಳುಗಳನ್ನು ನೋಡಿದರು, ನಾಯಿಯನ್ನು ನೋಡಿದರು, ತಮ್ಮ ಊರುಗೋಲನ್ನೂ ನೋಡಿಕೊಂಡರು. “ಇದಕ್ಕೆ ನನ್ನ ಹೆಸರು ಕುಟ್ರಯ್ಯ. ನೀವಿಬ್ರೂ ಮನೆಗೆ ಹೋಗಿ, ನಾಳೆ ಕೆಲಸ ಇಲ್ಲ” ಎಂದು ಕುರ್ಚಿಗೆ ಹೋಗಿ ಕೂತರು.

ಮುಂದೆ ಚಿಂತಾಮಣಿಯಲ್ಲೂ ಚಿಕ್ಕಬಳ್ಳಾಪುರದಲ್ಲೂ ಇಂಥ ಪ್ರದರ್ಶನಗಳನ್ನು ಮಾಡಿದೆ. ಎಲ್ಲ ಕಡೆಯೂ ತಮಟೆಯವನಿಗೆ ‘ಜೋಡಿ ನಾಯಿ’ ಎಂದೇ ಕೂಗಲು ಹೇಳುತ್ತಿದ್ದೆ. ಅರವತ್ತರ ದಶಕದಲ್ಲಿ ಮದ್ದು ಸುಧಾರಿಸಿತು, ಆಸ್ಪತ್ರೆಗೆ ಫ್ರಿಜ್ಜು ಬಂತು. ಈಗ ನಿಮ್ಮ ಕೈಯಲ್ಲಿ ಒಮ್ಮೆ ಬಳಸಿ ಬಿಸಾಡುವ ಸೂಜಿ ಇದೆ. ಬಹಳ ಸಂತೋಷ. ಆದರೆ ಲಲಿತಮ್ಮ, ದೊಡ್ಡ ಸಾಹೇಬರು, ಮೇಡಂ, ಪಿಳ್ಳಪ್ಪ, ಇವರೆಲ್ಲ ಸೇರಿ ನನ್ನನ್ನು ನಾಯಿ ಡಾಕ್ಟರನ್ನಾಗಿ ಮಾಡಿದರು. ಅವರ ಋಣ ನನ್ನ ಮೇಲಿದೆ, ಅದನ್ನು ಹೇಳದೆ ಹೋದರೆ ನನಗೆ ಒಳ್ಳೆಯದಾಗುವುದಿಲ್ಲ.

ಪ್ರದರ್ಶನದ ಮಾರನೆಯ ದಿನದ್ದೊಂದು ಉಳಿದಿದೆ. ಸೋಮವಾರ ಬೆಳಗ್ಗೆ ನಾನು ಅಂಜಿಕೊಂಡೇ ಗೌಸ್ ಸಾಬರ ಶೆಡ್ಡಿನ ಹತ್ತಿರ ಹೋದೆ. ಪಿಳ್ಳಪ್ಪ ಚೊಂಬನ್ನು ಮನೆಗೆ ಒಯ್ದಿರಲಿಲ್ಲ. ಇಬ್ಬರದೂ ಬಹುಮಾನ, ನನ್ನ ನಾಯಿ ಬಂದಾಗ ಇಲ್ಲೇ ಕುಡಿಯಲಿ ಎಂದು ನೀರು ತುಂಬಿ ಬಾಗಿಲ ಪಕ್ಕ ಇಟ್ಟು ಹೋಗಿದ್ದ. ಗೌಸ್ ಸಾಬರು ಗೂಡು ಕೊಳ್ಳಲು ಹಳ್ಳಿಗೆ ಹೋಗಿದ್ದರು. ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು. ಅವರೊಡನೆ ನಾನು ಅದುವರೆಗೆ ಮಾತಾಡಿದವನಲ್ಲ.

“ಡಾಕ್ಟರ್ ಸಾಬ್” ಎಂದು ಕರೆದರು. “ಬಿಲ್ಲೇಲಿ ನನ್ನ ಮಗನ ಹೆಸರು ಹಾಕಿದೀರಂತೆ.”

“ಹೌದಮ್ಮಾ. ಅವರ ತಪ್ಪಿಲ್ಲ, ಒತ್ತಾಯ ನನ್ನದೇ…” ಎಂದು ನಾನು ತಡವರಿಸಿದೆ.

“ಮಗ ಬೆಳಗಾದ್ರೆ ಹಳ್ಳಿ ಹಳ್ಳಿ ತಿರುಗೋನು. ಮನೇಲಿರೋಳು ನಾನು. ನಾಳೆ ಯಾರಾದ್ರೂ ಬಂದು ಕೇಳಿದ್ರೆ ಜವಾಬು ಹೇಳೋಳು ನಾನೇ ಅಲ್ವಾ?” ಎಂದು ಮೋತಿಯತ್ತ ನೋಡಿದರು. “ಅವನ ಹೆಸರು ಹಾಕಿ ಏನು ಪ್ರಯೋಜನ? ನನ್ನ ಹೆಸರು ಬರೀರಿ. ಹಾಜಿರಾ ಬೀ.”

ಎದುರುಮನೆಯಿಂದ ಒಂದು ಮೊಳೆ, ಒಂದು ಗುಂಡುಕಲ್ಲು ಇಸಿದುಕೊಂಡು ಬಂದೆ. ಬಿಲ್ಲೆ ಬಿಚ್ಚಿ ಬಾಗಿಲ ಕಲ್ಲಿನ ಮೇಲಿಟ್ಟು, ಅದರ ಹಿಂಬದಿಗೆ ಆಕೆಯ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟಿದೆ. ಗುಂಡುಕಲ್ಲು ಜಾರಿ ಅಕ್ಷರ ಸೊಟ್ಟಗಾಯಿತು. ನಾನು ಕುಟ್ಟಿ ಮುಗಿಸುವವರೆಗೂ ಹಾಜಿರಾ ಬೀ ಮೋತಿಯ ಕುತ್ತಿಗೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.